ದೇವರಾಯನದುರ್ಗದ ದಾರಿಯಲ್ಲಿ ಸೈಕಲ್ ಪಂದ್ಯ

ತುಮಕೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಗ ನಾನು ಕೊಂಡ ಹಳೆಯ ರೋಡ್ ಬೈಕು 11 ಕೆ.ಜಿ. ತೂಗುತ್ತಿತ್ತು. ಅಂತರರಾಷ್ಟ್ರೀಯ ರಸ್ತೆ ಸ್ಪರ್ಧೆಗಳಲ್ಲಿ ಸೈಕಲ್ಲು 6.8 ಕೆ.ಜಿ.ಗಿಂತ ಹಗುರವಾಗಿರಬಾರದೆಂಬ ನಿಯಮವಿದೆ ಎಂದು ತಿಳಿದ ದಿನ, ಅದನ್ನು ಮುರಿಯುವ ಭಯ ನನಗಂತೂ ಇಲ್ಲವೆಂದು ಹಾಸ್ಟೆಲಿನಲ್ಲಿ ಎಲ್ಲರೂ ನಕ್ಕಿದ್ದರು.

ಬಿ.ಎಚ್. ರಸ್ತೆಯಲ್ಲಿ ಬಸ್ಸು, ಲಾರಿಗಳ ಓಡಾಟ ಹೆಚ್ಚುವ ಮೊದಲೇ ಊರು ದಾಟಬೇಕಾಗಿದ್ದರಿಂದ ಭಾನುವಾರಗಳಂದು ನಾವು ಆರು ಮಂದಿ ಐದೂವರೆಗೇ ಹೊರಡುತ್ತಿದ್ದೆವು. ನಾಮದ ಚಿಲುಮೆಯ ಕಾಡಿನ ರಸ್ತೆ ಹಿಡಿದು, ಸುಮಾರು 1,200 ಮೀಟರ್ ಎತ್ತರದ ದೇವರಾಯನದುರ್ಗದ ಮೇಲೆ ಮೊದಲು ತಲುಪಿದವನು ಗೆದ್ದಂತೆ. ಸೋತವರು ಅವನಿಗೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಕೊಡಿಸಬೇಕು. ಬಹುಮಾನವೆಂದರೆ ಇಷ್ಟೇ.

ಮೊದಲ ಪಂದ್ಯದಲ್ಲಿ ಊರ ಹೊರಗಿನಿಂದಲೇ ಎಲ್ಲರಿಗಿಂತ ಮುಂದೆ ಇದ್ದವನು ನಾನು. ಉಳಿದ ಐವರೂ ನನ್ನ ಹಿಂದಿನ ಚಕ್ರಕ್ಕೆ ಒಂದಡಿ ಅಂತರದಲ್ಲಿ ಅಂಟಿಕೊಂಡು ಬರುತ್ತಿದ್ದುದನ್ನು ನನ್ನ ವೇಗಕ್ಕೆ ಸಿಕ್ಕ ಮರ್ಯಾದೆಯೆಂದೇ ಭಾವಿಸಿದ್ದೆ. ಏರು ಶುರುವಾದ ಎರಡನೆಯ ತಿರುವಿನಲ್ಲಿ ಒಬ್ಬೊಬ್ಬರಾಗಿ ನನ್ನನ್ನು ದಾಟಿ ಹೋದರು. ವಿಜಯಪುರದ ಕಡೆಯ ಸೀನಿಯರ್ ಒಬ್ಬರು ಪಕ್ಕಕ್ಕೆ ಬಂದು, "ನೀ ಗಾಳಿ ಸೀಳಕೊಂತ ಹೋದಿ, ನಾವು ಹಿಂದ ಆರಾಮ ಬಂದ್ವಿ ತಮ್ಮಾ" ಎಂದರು. ಸಮತಟ್ಟಿನಲ್ಲಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ಹೋಗುವವನ ಶ್ರಮದ ಬಹುಪಾಲು ಗಾಳಿಯ ವಿರುದ್ಧವೇ ಖರ್ಚಾಗುತ್ತದೆ. ಮುಂದಿನವನ ಮರೆಯಲ್ಲಿ ಬರುವವನಿಗೆ ಅದರಲ್ಲಿ ಕಾಲು ಭಾಗಕ್ಕೂ ಹೆಚ್ಚು ಉಳಿಯುತ್ತದೆ. ಗಂಟೆಗೆ 10–12 ಕಿ.ಮೀ. ವೇಗದಲ್ಲಿ ತೆವಳುವ ಏರಿನಲ್ಲಿ ಈ ಮರೆಯಿಂದ ಹೆಚ್ಚೇನೂ ಸಿಗದು, ಅಲ್ಲಿ ಉಳಿಸಿಟ್ಟುಕೊಂಡ ಕಾಲೇ ಗತಿ. ಅಂದಿನಿಂದ ನಾನು ಮೂರನೆಯವನಾಗಿ ಸಾಲಿನಲ್ಲಿರುವುದನ್ನು, ಸರದಿ ಬಂದಾಗ ಮಾತ್ರ ಮುಂದೆ ಹೋಗಿ ಮತ್ತೆ ಹಿಂದೆ ಸರಿಯುವುದನ್ನು ರೂಢಿಸಿಕೊಂಡೆ.

ಆದರೆ ಸಾಲಿನ ನಡುವೆ ಇರುವವನಿಗೆ ರಸ್ತೆ ಕಾಣುವುದಿಲ್ಲ. ಒಂದು ಜನವರಿಯಲ್ಲಿ, ವಾಹನಗಳು ತುಳಿದು ಒಕ್ಕಲೆಂದು ರೈತರು ರಸ್ತೆಗೆ ಹರಡಿದ್ದ ಹುರುಳಿ ಗಿಡಗಳ ಮೇಲೆ ಮುಂದಿನ ಇಬ್ಬರು ಹೇಗೋ ಹಾದುಹೋದರು. ಗೇರು ಬದಲಿಸಲು ಚೈನನ್ನು ಅತ್ತಿತ್ತ ಸರಿಸುವ ನನ್ನ ಹಿಂದಿನ ಡಿರೇಲರ್‌ಗೆ ಬಳ್ಳಿ ಸುತ್ತಿಕೊಂಡು, ಚೈನು ಬಿಗಿದು, ಡಿರೇಲರ್ ಹಿಡಿದಿದ್ದ ಹ್ಯಾಂಗರ್ ಚಕ್ರದ ಕಡೆಗೆ ಬಾಗಿತು. ಬೀಳಲಿಲ್ಲ ಎಂಬುದೇ ಪುಣ್ಯ. ಹುರುಳಿ ತಿರುವಿಹಾಕುತ್ತಿದ್ದ ಅಜ್ಜಿ ಬಂದು ಕುಡುಗೋಲಿನಿಂದ ಬಳ್ಳಿ ಕತ್ತರಿಸುತ್ತ, "ಇಷ್ಟು ತೆಳ್ಳನೆ ಟೈರಿಟ್ಕೊಂಡು ಇಲ್ಲಿಗ್ಯಾಕೆ ಬಂದೆಯಪ್ಪಾ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಊರಿನ ಸೈಕಲ್ ರಿಪೇರಿಯವರು ಡಿರೇಲರಿನ ಬೋಲ್ಟಿಗೆ ಅಲೆನ್ ಕೀ ತೂರಿಸಿ, ಒಂದು ಕಣ್ಣು ಮುಚ್ಚಿ ನೇರ ನೋಡುತ್ತ, ಹ್ಯಾಂಗರನ್ನು ಸ್ವಲ್ಪಸ್ವಲ್ಪವೇ ಹೊರಕ್ಕೆ ಎಳೆದು 40 ರೂಪಾಯಿ ತೆಗೆದುಕೊಂಡರು. ಆದರೂ ಎಲ್ಲಕ್ಕಿಂತ ಹಗುರ ಗೇರಿಗೆ ಹಾಕಿದರೆ ಡಿರೇಲರ್ ಚಕ್ರದ ಕಡ್ಡಿಗಳಿಗೆ ತಾಗುತ್ತಿತ್ತು. ಮುಂದಿನ ಭಾನುವಾರ ಆ ಗೇರನ್ನು ಮುಟ್ಟದೆ, ಕಡಿದಾದ ತಿರುವುಗಳಲ್ಲಿ ಸೀಟು ಬಿಟ್ಟು ಎದ್ದು ನಿಂತು ತುಳಿದು ಎರಡನೆಯವನಾಗಿ ದುರ್ಗ ಹತ್ತಿದೆ. ಇಡ್ಲಿಯ ದುಡ್ಡು ಮಾತ್ರ ನಾನೂ ಕೊಡಬೇಕಾಯಿತು.