ಗಾಯ ಕಾಣುವಂಥ ಪಟ್ಟಿ

ಒಂದೆಲಗ ನಮ್ಮ ಕಡೆ ತಂಬುಳಿಯ ಸೊಪ್ಪು. ಅದರಲ್ಲಿರುವ ಏಷಿಯಾಟಿಕೋಸೈಡ್ ಎಂಬ ಅಂಶ ಚರ್ಮದ ಕೋಶಗಳಲ್ಲಿ, ಚರ್ಮಕ್ಕೆ ಬಲ ಕೊಡುವ ಕೊಲಾಜೆನ್ ಪ್ರೋಟೀನಿನ ತಯಾರಿಯನ್ನು ಚುರುಕುಗೊಳಿಸುತ್ತದೆ. ಅದನ್ನು ಸುಟ್ಟ ಗಾಯದ ಡ್ರೆಸಿಂಗಿಗೆ ಸೇರಿಸುವುದು ಶಿವಮೊಗ್ಗದ ನಮ್ಮ ಪುಟ್ಟ ಲ್ಯಾಬಿನ ಕೆಲಸ. ಸೊಪ್ಪಿಗೇನೂ ಬರವಿಲ್ಲ, ತೀರ್ಥಹಳ್ಳಿ ಕಡೆಯ ಅಡಿಕೆ ತೋಟಗಳ ಬಸಿಗಾಲುವೆ ಅಂಚಿನಲ್ಲಿ ಬೇಕಾದಷ್ಟು ಸಿಗುತ್ತದೆ. ಆದರೆ ಈ ತೋಟದ ಸೊಪ್ಪಿನ ಸಾರ ಆ ತೋಟದ್ದರಂತೆ ಇರುವುದಿಲ್ಲ. ಪ್ರತಿ ಸಲ ಎಚ್‌ಪಿಎಲ್‌ಸಿಯಲ್ಲಿ (ದ್ರಾವಣದ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಅಳೆದೇ ಬಳಸುತ್ತೇವೆ.

ಗಾಯ ಒಣಗಿದರೆ ಬೇಗ ಮಾಯುತ್ತದೆ ಎಂಬ ನಂಬಿಕೆ ಇನ್ನೂ ಹೋಗಿಲ್ಲ. ತೇವ ಉಳಿಸಿದ ಗಾಯದ ಮೇಲೆ ಹೊಸ ಮೇಲ್ಚರ್ಮ ಬೇಗ ಹರಡುತ್ತದೆಂದು ಜಾರ್ಜ್ ವಿಂಟರ್ 1962ರಲ್ಲೇ ಹಂದಿಗಳ ಮೇಲೆ ತೋರಿಸಿದ್ದರು. ಒಣ ಗಾಜ್ ಬಟ್ಟೆ ಗಾಯಕ್ಕೆ ಅಂಟಿಕೊಂಡು, ಬಿಚ್ಚುವಾಗ ಆ ಹೊಸ ಚರ್ಮವನ್ನೇ ಕಿತ್ತುಕೊಂಡು ಬರುತ್ತದೆ. ಅದಕ್ಕೇ ನಾವು ಸಿಗಡಿ ಚಿಪ್ಪಿನಿಂದ ಬರುವ ಕೈಟೋಸಾನ್ ಹಿಡಿದೆವು. ತೆಳು ಅಸಿಟಿಕ್ ಆಮ್ಲದಲ್ಲಿ ಕರಗಿಸಿ, ಬಾಗಲೆಂದು ಚೂರು ಗ್ಲಿಸರಾಲ್ ಬೆರೆಸಿ, ಪೆಟ್ರಿ ತಟ್ಟೆಗೆ ಹೊಯ್ದು ಒಣಗಿಸಿದರೆ ತೆಳುವಾದ ಹಾಳೆ ಸಿಗುತ್ತದೆ. ಸಿಗುವುದು ಬೇಸಿಗೆಯಲ್ಲಿ. ಆಷಾಢದ ಮಳೆ ಹಿಡಿದರೆ ಹಾಳೆ ಹಲಸಿನ ಮೇಣದ ಹಾಗೆ ಬೆರಳಿಗೆ ಅಂಟುತ್ತದೆ. ಮಳೆಗಾಲದ ಹಾಳೆಗಳೆಲ್ಲ ಈಗ ತೇವ ಹೀರುವ ಸಿಲಿಕಾ ಜೆಲ್ ಇಟ್ಟ ಡೆಸಿಕೇಟರ್ ಎಂಬ ಮುಚ್ಚಿದ ಪಾತ್ರೆಯೊಳಗೇ. ಒಣಗಿದ ಮೇಲೆ ತೆಳು ಕ್ಷಾರದಲ್ಲಿ ಅದ್ದಿ ತೊಳೆಯುವುದನ್ನು ಬಿಡುವಂತಿಲ್ಲ. ಆಮ್ಲ ಉಳಿದರೆ ಗಾಯ ಉರಿಯುತ್ತದೆ, ಹಾಳೆಯೂ ನೀರಿನಲ್ಲಿ ಕರಗಿಬಿಡುತ್ತದೆ.

ನಿಜವಾದ ತಲೆನೋವು ಸಾರ ಬಿಡುವ ವೇಗದ್ದು. ಹಾಳೆ ನೀರು ಕುಡಿದು ಉಬ್ಬಿದ ಮೊದಲ ಕೆಲವು ಗಂಟೆಗಳಲ್ಲೇ ಒಂದೆಲಗದ ಸಾರದ ಬಹುಪಾಲು ಹೊರಗೆ ಬಂದುಬಿಡುತ್ತಿತ್ತು. ಕೈಟೋಸಾನಿನ ಎಳೆಗಳನ್ನು ಬಿಗಿಯಾಗಿ ಹೆಣೆಯಲು ಜೆನಿಪಿನ್ ಹಾಕಿದೆವು. ಇದೇ ಕೆಲಸಕ್ಕೆ ಬಳಸುವ ಗ್ಲುಟರಾಲ್ಡಿಹೈಡಿಗಿಂತ ಇದರ ವಿಷ ಬಹಳ ಕಡಿಮೆ. ಬಿಡುಗಡೆಯೂ ನಿಧಾನವಾಯಿತು, ಆದರೆ ಹಾಳೆ ಕಡುನೀಲಿಗೆ ತಿರುಗಿತು. ಕೈಟೋಸಾನ್ ಜೊತೆ ಸೇರಿದರೆ ಜೆನಿಪಿನ್ನಿನ ಬಣ್ಣವೇ ಅದು. ನಮಗೇನೋ ಚೆನ್ನಾಗಿಯೇ ಕಂಡಿತ್ತು.

ಸುಟ್ಟ ಗಾಯದ ವಾರ್ಡಿನಲ್ಲಿ ಕೆಲಸ ಮಾಡುವ ಸಿಸ್ಟರ್ ಒಬ್ಬರಿಗೆ ತೋರಿಸಿದಾಗ ಅವರು ಅದನ್ನು ಬೆಳಕಿಗೆ ಹಿಡಿದು, "ಸರ್, ಇದು ಹಾಕಿದ್ಮೇಲೆ ಗಾಯ ಹೆಂಗೆ ನೋಡೋದು?" ಅಂದರು. ಸುಟ್ಟ ಗಾಯಕ್ಕೆ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಹತ್ತಿದರೆ ಕೀವಿಗೆ ನೀಲಿ-ಹಸಿರು ಛಾಯೆ ಬರುತ್ತದೆ. ನೀಲಿ ಪಟ್ಟಿಯ ಕೆಳಗೆ ಅದನ್ನು ಗುರುತಿಸುವುದು ಹೇಗೆ? ಯಾವ ಪ್ರಬಂಧ ಓದಿದಾಗಲೂ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ.

ಜೆನಿಪಿನ್ ಬಿಟ್ಟು, ಎಳೆ ಹೆಣೆದರೂ ಬಣ್ಣ ಬರಿಸದ ಟ್ರೈಪಾಲಿಫಾಸ್ಫೇಟ್ ಎಂಬ ಲವಣಕ್ಕೆ ಬಂದೆವು. ಬರಿ ಹಾಳೆಯನ್ನು ಮೊದಲು ಅದರ ದ್ರಾವಣದಲ್ಲಿ ಅದ್ದಿ ತೊಳೆದು, ಸಾರವನ್ನು ಕೊನೆಗೆ ಹೀರಿಸುತ್ತೇವೆ. ಮೊದಲೇ ಬೆರೆಸಿದರೆ ತೊಳೆಯುವ ನೀರಿನ ಜೊತೆ ಅದೂ ಹೋಗುತ್ತದೆ. ಜೆನಿಪಿನ್ನಿನಷ್ಟು ಬಿಗಿ ಬರಲಿಲ್ಲ, ಪಟ್ಟಿಯನ್ನು ಬೇಗ ಬದಲಿಸಬೇಕಾಗುತ್ತದೆ. ಆದರೂ ಅಡಿಯ ಗಾಯ ಕಾಣುವ ಪಟ್ಟಿಯೇ ಮೇಲು ಎಂಬುದು ನನ್ನ ತೀರ್ಮಾನ.

ಕೋಶಗಳ ಮೇಲಿನ ಪರೀಕ್ಷೆ ಮುಗಿದಿದೆ. ಪ್ರಾಣಿಗಳ ಮೇಲಿನದಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಮನುಷ್ಯರ ಮಾತು ಆಮೇಲಿನದು. ಅಡಿಕೆ ಬೇಯಿಸುವ ಕಾಲದಲ್ಲಿ ಹಂಡೆಯ ಚೊಗರು ಸಿಡಿದು ಕೈ ಸುಟ್ಟುಕೊಂಡವರು ಪಟ್ಟಿ ಕೇಳಿಕೊಂಡು ಬರುತ್ತಾರೆ. ಕೊಡುವುದಿಲ್ಲ. ಇಪ್ಪತ್ತು ನಿಮಿಷ ನಲ್ಲಿಯ ತಣ್ಣೀರು ಬಿಡಿ, ಪೇಸ್ಟು-ತುಪ್ಪ ಹಚ್ಚಬೇಡಿ, ಆಸ್ಪತ್ರೆಗೆ ಹೋಗಿ ಎನ್ನುತ್ತೇನೆ.