ಮನೆಯಲ್ಲಿ ಕ್ಯಾನ್ಸರ್: ಸಮದುಃಖಿಯೊಬ್ಬರನ್ನು ಹುಡುಕಿಕೊಳ್ಳುವುದು ಹೇಗೆ?

ಮನೆಯಲ್ಲೊಬ್ಬರಿಗೆ ಕ್ಯಾನ್ಸರ್ ಎಂದು ಗೊತ್ತಾದ ವಾರದಲ್ಲೇ ಜಗಲಿ ತುಂಬ ಜನ. ಕಿತ್ತಳೆ, ದಾಳಿಂಬೆಯ ಜೊತೆಗೆ ಸಲಹೆಗಳೂ ಬಂದು ಬೀಳುತ್ತವೆ. ಇವರಲ್ಲಿ ನಡುರಾತ್ರಿ ವಾಂತಿಯ ಪಾತ್ರೆ ಹಿಡಿದು ಕೂತವರು ಒಬ್ಬರೂ ಇರುವುದಿಲ್ಲ. ನಿಮಗೆ ಬೇಕಾದದ್ದು ಹಾಗೆ ಕೂತವರೊಬ್ಬರು. ಪಾಲಿಯೇಟಿವ್ (ನೋವು, ಸಂಕಟ ಇಳಿಸುವ ಆರೈಕೆಯ) ತಂಡದ ಸ್ವಯಂಸೇವಕಿಯಾಗಿ ಕಾಸರಗೋಡಿನ ಎಣ್ಮಕಜೆ, ಪುತ್ತಿಗೆ ಕಡೆಯ ಮನೆಗಳಿಗೆ ಹೋಗುವಾಗ ನೋಡುತ್ತೇನೆ, ಅಂಥವರು ಹತ್ತಿರದಲ್ಲೇ ಇರುತ್ತಾರೆ. ಮಾತು ಕೂಡಿಸುವ ಬಗೆ ತಿಳಿಯದೆ ಕೆಡುತ್ತದೆ.

ಹೆಜ್ಜೆ 1: ಜೊತೆ ಯಾರಿಗೆ ಬೇಕು?

ರೋಗಿಗೆ ಬೇಕಾದವರು ಆ ಕಾಯಿಲೆಯನ್ನು ಉಂಡವರು. ಶುಶ್ರೂಷೆ ಮಾಡುವ ಸೊಸೆಗೆ ಬೇಕಾದವಳು ಇನ್ನೊಂದು ಮನೆಯ ಸೊಸೆ. ಇಬ್ಬರಿಗೂ ಒಬ್ಬರೇ ಸಾಕೆಂದುಕೊಳ್ಳಬೇಡಿ. "ನನಗೆ ಸಾಕಾಗಿಹೋಗಿದೆ" ಎಂಬ ಮಾತನ್ನು ಗುಣವಾದ ರೋಗಿಯ ಎದುರು ಆಡಲಾಗುವುದಿಲ್ಲ.

ಹೆಜ್ಜೆ 2: ಆರೋಗ್ಯ ಕೇಂದ್ರದಲ್ಲಿ ಪಾಲಿಯೇಟಿವ್ ಸೇವೆಗೆ ಹೆಸರು ಬರೆಸಿ

ಪಾಲಿಯೇಟಿವ್ ಎಂದರೆ ಕೊನೆಗಾಲ ಎಂದು ಹೆದರಿ ಅನೇಕರು ಅತ್ತ ಸುಳಿಯುವುದೇ ಇಲ್ಲ. ಕೀಮೋ ನಡೆಯುತ್ತಿರುವಾಗಲೂ ಈ ಸೇವೆ ಪಡೆಯಬಹುದು. ಕೇರಳ ಸರಕಾರ 2008ರಲ್ಲೇ ಇದಕ್ಕೊಂದು ನೀತಿ ರೂಪಿಸಿದೆ. ಪಂಚಾಯತಿನ ಮೂಲಕ ನರ್ಸ್ ಮನೆಗೇ ಬರುತ್ತಾರೆ. ಯಾವ ಮನೆಯಲ್ಲಿ ಯಾರಿಗೆ ಏನು ಕಾಯಿಲೆ ಎಂದು ಬಲ್ಲವರು ಅವರು ಮತ್ತು ಆಶಾ ಕಾರ್ಯಕರ್ತೆ.

ಆದರೆ ಅವರಲ್ಲಿ ಬೇರೆ ಮನೆಯ ನಂಬರು ಕೇಳಬೇಡಿ. ನಿಮ್ಮ ನಂಬರು ಕೊಟ್ಟು, "ಮಾತಾಡಲು ಒಪ್ಪುವವರಿದ್ದರೆ ಫೋನು ಮಾಡಲಿ" ಎನ್ನಿ. ಮಗಳ ಮದುವೆ ಮಾತುಕತೆ ತಪ್ಪೀತೆಂದು ಕಾಯಿಲೆಯನ್ನೇ ಮುಚ್ಚಿಟ್ಟ ಮನೆಗಳಿವೆ. ಕನ್ನಡವೋ ತುಳುವೋ ಆಡುವ ಮನೆಯೇ ಬೇಕೆಂದು ಹೇಳಲು ಸಂಕೋಚ ಬೇಡ. ಪೇಟೆಯ ವ್ಯವಹಾರಕ್ಕೆ ಸಾಲುವ ಮಲಯಾಳ ಗಂಟಲು ಕಟ್ಟಿದಾಗ ಕೈಕೊಡುತ್ತದೆ.

ಹೆಜ್ಜೆ 3: ಆಸ್ಪತ್ರೆಯ ಬೆಂಚು

ಮಂಗಳೂರಾಗಲಿ, ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ಆಗಲಿ, ಕೀಮೋ ಸರದಿಗೆ ಕಾಯುವಾಗ ಅವೇ ಮುಖಗಳು ಮತ್ತೆ ಮತ್ತೆ ಸಿಗುತ್ತವೆ. ಮೊಬೈಲು ಚೀಲಕ್ಕೆ ಹಾಕಿ, ಪಕ್ಕದವರನ್ನು ಮಾತಾಡಿಸಿ. ರೋಗಿಗೂ ಜೊತೆಗೆ ಹೋಗುವವರಿಗೂ ರೈಲು ಟಿಕೆಟಿನಲ್ಲಿ ರಿಯಾಯಿತಿ ಇದೆ, ಅದಕ್ಕೆ ಆಸ್ಪತ್ರೆಯ ಪ್ರಮಾಣಪತ್ರ ಬೇಕು ಎಂಬುದು ಬಹಳ ಮಂದಿಗೆ ತಿಳಿಯುವುದು ಈ ಬೆಂಚಿನಲ್ಲೇ.

ಹೆಜ್ಜೆ 4: ಮೊದಲ ಮಾತು

ಹೆಚ್ಚಿನವರು ಎಡವುವುದು ಇಲ್ಲಿ. "ಎಷ್ಟನೇ ಸ್ಟೇಜು? ಡಾಕ್ಟರು ಎಷ್ಟು ಸಮಯ ಹೇಳಿದ್ದಾರೆ?" ಎಂದೇ ತೊಡಗುತ್ತಾರೆ. ಅಲ್ಲಿಗೆ ಮುಗಿಯಿತು. ಸ್ತನದ ಕ್ಯಾನ್ಸರಿನ ಮೂರನೇ ಹಂತವೂ ಶ್ವಾಸಕೋಶದ ಮೂರನೇ ಹಂತವೂ ಒಂದೇ ಅಲ್ಲ, ತಾಳೆ ಹಾಕಿ ಸಿಗುವುದು ನಿದ್ದೆಗೇಡು ಮಾತ್ರ.

ಇವತ್ತಿನ ಒಂದು ಸಣ್ಣ ತೊಂದರೆಯನ್ನು ಕೇಳಿ. ಪೆರ್ಲ ಕಡೆಯ ಒಬ್ಬಾಕೆ ಫೋನಿನಲ್ಲಿ ಕೇಳಿದ್ದು ಇಷ್ಟೇ: "ಅಕ್ಕ, ಮಾವನಿಗೆ ಗಂಟಲಿಗೆ ರೇಡಿಯೇಷನ್ ಆಗುತ್ತಿದೆ, ನುಂಗಲಾಗುತ್ತಿಲ್ಲ. ನೀವು ಏನು ಕೊಡುತ್ತಿದ್ದಿರಿ?" ಆ ಕಡೆಯವರು ಹೇಳಿದರು: "ಗಂಜಿಯನ್ನು ಅರೆದು, ಪೂರ್ತಿ ತಣಿಸಿ, ತುಪ್ಪ ಹಾಕು. ಖಾರ, ಹುಳಿ ಬೇಡ. ಬಟ್ಟಲು ತುಂಬ ಇಟ್ಟರೆ ನೋಡಿಯೇ ಮುಖ ತಿರುಗಿಸುತ್ತಾರೆ; ಅರ್ಧ ಲೋಟ, ಎರಡು ಗಂಟೆಗೊಮ್ಮೆ." ಸ್ವಲ್ಪ ತಡೆದು, "ನಿನ್ನ ಊಟ ಆಯಿತೇ?" ಎಂದರು. ಈಕೆ ಅತ್ತದ್ದು ಆಗ.

ಮಧ್ಯಾಹ್ನ ಊಟದ ನಂತರ ಫೋನು ಮಾಡಿ, ಇಪ್ಪತ್ತು ನಿಮಿಷದೊಳಗೆ ಮುಗಿಸಿ. ಅವರ ಮನೆಯಲ್ಲೂ ಒಬ್ಬರು ಮಲಗಿರಬಹುದು. ಅವರು ಹೇಳಿದ್ದನ್ನು ಮಾಡಿ ನೋಡಿದ ಮೇಲೆ ಏನಾಯಿತೆಂದು ತಿಳಿಸಿ. ಹೆಚ್ಚಿನವರು ಇದನ್ನು ಮರೆಯುತ್ತಾರೆ, ಪರಿಚಯ ಅಲ್ಲೇ ಒಣಗುತ್ತದೆ. ಒಮ್ಮೆಯಾದರೂ ಮುಖಾಮುಖಿ ಕುಳಿತುಕೊಳ್ಳಿ, ಮನೆಯಲ್ಲಿ ಬೇಡ. ಬಾಗಿಲ ಹಿಂದೆ ಅತ್ತೆ ನಿಂತಿರುವಾಗ ಯಾವ ಸೊಸೆಯೂ ನಿಜ ಆಡಳು. ಬದಿಯಡ್ಕ ಪೇಟೆಯ ಹೋಟೆಲಿನಲ್ಲಿ ಒಂದು ಚಹಾ ಸಾಕು.

ಹೆಜ್ಜೆ 5: ವಾಟ್ಸಾಪ್ ಗುಂಪು

ಸೇರಿ, ಆದರೆ ಸದ್ದು ಆರಿಸಿಡಿ. ಲಕ್ಷ್ಮಣಫಲದ ಎಲೆಯ ಕಷಾಯದಿಂದ ಕ್ಯಾನ್ಸರ್ ಗುಣವಾಗುತ್ತದೆ ಎಂಬ ಸಂದೇಶ ಬಂದೇ ಬರುತ್ತದೆ. ಮನುಷ್ಯರಲ್ಲಿ ಅದು ಸಾಬೀತಾಗಿಲ್ಲ. ಪುಡಿ, ಎಣ್ಣೆ, "ಆಲ್ಕಲೈನ್ ನೀರು" ಮಾರುವವರು ಗುಂಪಿನೊಳಗೇ ಇರುತ್ತಾರೆ; ನಡೆಸುವವರು ಅಂಥವರನ್ನು ಹೊರಹಾಕದಿದ್ದರೆ ನೀವೇ ಹೊರಬನ್ನಿ.

ಕೀಮೋ ಆದ ಮೇಲೆ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಗುಂಪಿನಲ್ಲಿ ಕೇಳುತ್ತಾ ಕೂರಬಾರದು, ಸಮದುಃಖಿಗೂ ಫೋನು ಮಾಡಬಾರದು. ರಕ್ತದ ಬಿಳಿಕಣ ಇಳಿದಿರುವ ಹೊತ್ತದು, ಸೋಂಕು ಗಂಟೆಗಳಲ್ಲಿ ಏರೀತು. ನೇರ ಆಸ್ಪತ್ರೆಗೆ ಹೋಗಿ.

ಹೆಜ್ಜೆ 6: ಅವರ ಮನೆಯವರು ತೀರಿಕೊಂಡರೆ

ಹೀಗಾದಾಗ ಭಯಪಟ್ಟು ದೂರ ಸರಿಯುವವರೇ ಹೆಚ್ಚು. ಹೋಗಿ ಬನ್ನಿ. ನಿಮ್ಮ ಮನೆಯ ಚಿಕಿತ್ಸೆಯ ಮಾತನ್ನು ಅವರಾಗಿ ಕೇಳುವವರೆಗೆ ಎತ್ತಬೇಡಿ. ಮುಂದೆ ಫೋನು ಬೇಕೋ ಬೇಡವೋ ಎಂಬುದನ್ನು ಅವರಿಗೇ ಬಿಡಿ. ಅಲ್ಲಿಯವರೆಗೆ ನಿಮಗೆ ನಿದ್ದೆ ಹತ್ತದ ರಾತ್ರಿಗಳಿಗೆ ಟೆಲಿಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416 ಇದೆ. ಶುಲ್ಕವಿಲ್ಲ, ಕನ್ನಡದಲ್ಲೂ ಮಾತನಾಡಬಹುದು.