ಹೆಸರಿನ ಪಟ್ಟಿ ರೋಸ್ಟರ್ ಆಗುವುದು ಯಾವಾಗ?

ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಹತ್ತು ಹೆಸರಿವೆ. ಅಷ್ಟೇ ಆದರೆ ಅದು ಬರೀ ಪಟ್ಟಿ. ಹೆಸರಿನ ಮುಂದೆ ಯಾವ ದಿನ, ಯಾವ ಪಾಳಿ ಅಂತ ಬಿದ್ದರೆ ಅದು ರೋಸ್ಟರ್. ಕನ್ನಡದಲ್ಲೇ ಹೇಳುವುದಾದರೆ ಸರದಿ ಪಟ್ಟಿ.

ಪದದ ಮೂಲ ಡಚ್ ಭಾಷೆ. ಅಲ್ಲಿ ಅದಕ್ಕೆ ಮಾಂಸ ಸುಡುವ ಸರಳುಗಳ ಜಾಲರಿ ಎಂಬ ಅರ್ಥ. ಗೆರೆ ಎಳೆದ ಹಾಳೆಯೂ ಹಾಗೇ ಕಾಣುತ್ತದೆ ಅಲ್ವಾ? 18ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗ ಸೈನ್ಯದಲ್ಲಿ ಕಾವಲಿನ ಸರದಿಗೆ ಇದನ್ನು ಬಳಸುತ್ತಿದ್ದರು. ಬರೆಯುವಾಗ ಮಾತ್ರ ಜೋಪಾನ. ‘ರೂಸ್ಟರ್’ ಅಂದರೆ ಹುಂಜ!

ಹಾಜರಿ ಪುಸ್ತಕದ ಜೊತೆ ಇದನ್ನು ಬೆರೆಸಬೇಡಿ. ಯಾರು ಬರಬೇಕು ಅನ್ನುವುದು ರೋಸ್ಟರ್, ಯಾರು ಬಂದರು ಅನ್ನುವುದು ಹಾಜರಿ. ಹಾಗಾಗಿ ‘ಮುಂದಿನ ವಾರದ ರೋಸ್ಟರ್ ಹಾಕಿದ್ರಾ?’ ಅನ್ನುವುದು ಸರಿ. ‘ರೋಸ್ಟರ್‌ಗೆ ಸಹಿ ಹಾಕಿ ಒಳಗೆ ಬನ್ನಿ’ ತಪ್ಪು. ಆಟದಲ್ಲಿ ಅರ್ಥ ಕೊಂಚ ಬೇರೆ: ತಂಡದ ಆಟಗಾರರ ಪಟ್ಟಿಯೇ ರೋಸ್ಟರ್. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ 40 ಜನರದ್ದೊಂದು, ಅದರೊಳಗೆ ಪಂದ್ಯಕ್ಕೆ ಸಿದ್ಧವಿರುವ 26 ಜನರದ್ದೊಂದು.

ಇನ್ನು ಹಾಕುವುದು ಹೇಗೆ? ಮೊದಲು ಎಡಕ್ಕೆ ಹೆಸರು, ಮೇಲೆ ದಿನಾಂಕ. ಒಂದೇ ಹೆಸರಿನವರು ಇಬ್ಬರಿದ್ದರೆ ಇನಿಷಿಯಲ್ ಸೇರಿಸಿ.

ಆಮೇಲೆ ಎಣಿಸಿ. ಜಗಳ ಹುಟ್ಟುವುದು ಇಲ್ಲೇ. ದಿನಕ್ಕೊಬ್ಬರಂತೆ ರಾತ್ರಿ ಪಾಳಿಗೆ ಏಳು ಜನ ಇದ್ದಾರೆ ಅಂದುಕೊಳ್ಳಿ. ಸೋಮವಾರದಿಂದ ಸಾಲಾಗಿ ಹಾಕಿದರೆ ಏಳನೆಯವರಿಗೆ ಭಾನುವಾರ. ಮುಂದಿನ ವಾರವೂ ಅವರಿಗೇ, ಅದರ ಮುಂದಿನ ವಾರವೂ. ಸುಮ್ನೆ ಕ್ರಮವಾಗಿ ಹಾಕಿದ್ದೇವೆ, ಮೋಸ ಏನೂ ಇಲ್ಲ ಅಂದರೆ ಅವರು ಒಪ್ಪುತ್ತಾರಾ? ಆರೇ ಜನ ಇದ್ದರೆ ಈ ತಾಪತ್ರಯವಿಲ್ಲ. ಮೊದಲ ಭಾನುವಾರ ಒಂದನೆಯವರಿಗೆ, ಮುಂದಿನದು ಎರಡನೆಯವರಿಗೆ, ತಾನಾಗೇ ಜರುಗುತ್ತದೆ. ಏಳು ಜನ ಇದ್ದಾಗ ನಾವೇ ಜರುಗಿಸಬೇಕು: ಎರಡನೇ ವಾರ ಎರಡನೆಯವರಿಂದ, ಮೂರನೇ ವಾರ ಮೂರನೆಯವರಿಂದ ಶುರು ಮಾಡಿ. ಏಳು ವಾರದಲ್ಲಿ ಎಲ್ಲರಿಗೂ ಒಂದೊಂದು ಭಾನುವಾರ.

ಯಾರಾದರೂ ಪಾಳಿ ಅದಲುಬದಲು ಮಾಡಿಕೊಂಡರೆ ಹಳೆ ಹೆಸರನ್ನು ಗೀಚಿ ಅಳಿಸಬೇಡಿ. ಓದುವಂತೆ ಒಂದೇ ಗೆರೆ ಹೊಡೆದು, ಪಕ್ಕದಲ್ಲಿ ಹೊಸ ಹೆಸರು ಬರೆಯಿರಿ. ಹಾಳೆಯ ಮೂಲೆಯಲ್ಲಿ ತಿದ್ದಿದ ತಾರೀಖೂ ಇರಲಿ. ಮೊದಲ ದಿನವೇ ಫೋನಿನಲ್ಲಿ ಫೋಟೋ ಹೊಡೆದುಕೊಂಡವರು ಹಳೆಯದನ್ನೇ ನಂಬಿ ಮನೆಯಲ್ಲಿ ಉಳಿದುಬಿಡುತ್ತಾರೆ.